ಓದುಗರ ಪ್ರಶ್ನೆ: ತಮ್ಮನನ್ನು ಸಲಹಾ ಗುಂಪಿಗೆ ಕಳಿಸಲೇ?

ಪ್ರಶ್ನೆ: ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ. 9 ವರ್ಷದಿಂದ ಮಾತ್ರೆ ನಡೆದಿದೆ, ಈಗ ಅಂಗಡಿಯಲ್ಲಿ ಕೂರುವಷ್ಟು ಆರಾಮ ಇದ್ದಾನೆ. ಧಾರವಾಡದ ಸಂಶೋಧಕರು ಅವನನ್ನೂ ನನ್ನನ್ನೂ 'ಸಲಹಾ ಗುಂಪಿಗೆ' ಕರೆದಿದ್ದಾರೆ. ಅವನ ಮೇಲೆ ಪ್ರಯೋಗ ಮಾಡುತ್ತಾರೋ ಏನೋ ಎಂದು ಅವ್ವನಿಗೆ ಅಂಜಿಕೆ. ಒಲ್ಲೆ ಅಂದರೆ ಚಿಕಿತ್ಸೆಗೆ ತೊಂದರೆ ಆದೀತೇ?
— ಓದುಗರು, ಗದಗ

ಉತ್ತರ: ಆಗಬಾರದು. ಒಲ್ಲೆ ಅಂದವರ ಚಿಕಿತ್ಸೆಯಲ್ಲಿ ಏನೂ ಕಡಿಮೆ ಮಾಡುವಂತಿಲ್ಲ. ಅವ್ವನಿಗೆ ಒಂದು ವ್ಯತ್ಯಾಸ ಬಿಡಿಸಿ ಹೇಳಿ: ಸಂಶೋಧನೆಗೆ ಒಳಪಟ್ಟವರಿಂದ ಮಾಹಿತಿ ತೆಗೆದುಕೊಳ್ಳುತ್ತಾರೆ, ಸಲಹಾ ಗುಂಪಿನವರು ಯಾವ ಮಾಹಿತಿ ಕೇಳಬೇಕು, ಹೇಗೆ ಕೇಳಬೇಕು ಎಂದು ಸಂಶೋಧಕರಿಗೇ ಹೇಳುತ್ತಾರೆ. ಗುಂಪಿನಲ್ಲಿ ತಮ್ಮ ತನ್ನ ಕಷ್ಟ ಹೇಳಿಕೊಂಡರೆ ಅದನ್ನು ಬರೆದುಕೊಂಡು ಸಂಶೋಧನೆಯ ಮಾಹಿತಿಯಾಗಿ ಬಳಸಬಾರದು. ಬಳಸುವುದಿದ್ದರೆ ಬೇರೆ ಒಪ್ಪಿಗೆ ಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 99ನೇ ಕಲಮಿನ ಪ್ರಕಾರ ಬರೀ ಸಂದರ್ಶನಕ್ಕೂ ತಿಳಿದು ಕೊಟ್ಟ ಒಪ್ಪಿಗೆ ಬೇಕು, ಅದನ್ನು ನಡುವೆ ಹಿಂತೆಗೆದುಕೊಳ್ಳಲೂ ಬಹುದು.

ಹೋಗುವ ಮೊದಲು ಮೂರು ಮಾತು ಕೇಳಿಕೊಳ್ಳಿ. ಪ್ರಶ್ನಾವಳಿ ಆಗಲೇ ಅಚ್ಚಾಗಿದೆಯೇ? ಬಸ್ ಖರ್ಚು, ದಿನದ ಗೌರವಧನ ಎಷ್ಟು? ವರದಿಯಲ್ಲಿ ಹೆಸರು ಹಾಕುವುದು ಬಿಡುವುದು ಯಾರ ಕೈಯಲ್ಲಿದೆ? ಎಲ್ಲ ಅಚ್ಚಾದ ಮೇಲೆ ಕರೆದಿದ್ದರೆ ನಿಮ್ಮಿಂದ ಬೇಕಾಗಿರುವುದು ಸಹಿ ಮಾತ್ರ. ಅಂಥಲ್ಲಿಗೆ ಹೋಗಬೇಡಿ.

ಪ್ರಶ್ನೆ: ನಾನು ಪಿಎಚ್‌ಡಿ ವಿದ್ಯಾರ್ಥಿನಿ. ಮಾತ್ರೆ ತಪ್ಪಿಸುವವರ ಕುರಿತು ನನ್ನ ಅಧ್ಯಯನ. ಇಂಥ ಗುಂಪು ಕಟ್ಟುವುದು ಹೇಗೆ?
— ಓದುಗರು, ಧಾರವಾಡ

ಉತ್ತರ: ಪ್ರಸ್ತಾವ ಎಥಿಕ್ಸ್ ಕಮಿಟಿಗೆ (ಸಂಶೋಧನೆ ನೈತಿಕವಾಗಿ ಸರಿಯೇ ಎಂದು ನೋಡಿ ಒಪ್ಪಿಗೆ ಕೊಡುವ ಸಮಿತಿಗೆ) ಹೋಗುವ ಮೊದಲೇ ಕಟ್ಟಿ, ಗೌರವಧನವನ್ನು ಬಜೆಟ್ಟಿನಲ್ಲೇ ಬರೆಯಿರಿ. ಆಮೇಲೆ ಯಾವ ಲೆಕ್ಕದಲ್ಲಿಯೂ ದುಡ್ಡು ಸಿಗುವುದಿಲ್ಲ. ಚಿಕಿತ್ಸೆ ಪಡೆಯುವವರು 4, ಆರೈಕೆ ಮಾಡುವವರು 4 ಇರಲಿ. ಒಬ್ಬರನ್ನೇ ಕರೆದರೆ ಎಲ್ಲ ರೋಗಿಗಳ ಪರವಾಗಿ ಮಾತಾಡುವ ಭಾರ ಅವರ ತಲೆಗೆ ಬೀಳುತ್ತದೆ.

ಮೊದಲ ಎರಡು ಸಭೆ ಬೇರೆ ಬೇರೆ ಮಾಡಿ. ಒಟ್ಟಿಗೆ ಕೂಡಿಸಿದರೆ "ಇವನಿಗೆ ಅದೆಲ್ಲ ತಿಳಿಯೂದಿಲ್ರಿ, ನಾ ಹೇಳ್ತೀನಿ" ಎಂದು ಅಣ್ಣನೋ ಅವ್ವನೋ ಬಾಯಿ ಹಾಕುತ್ತಾರೆ, ಪ್ರೀತಿಯಿಂದಲೇ. ಅಲ್ಲಿಗೆ ಆ ಹುಡುಗ ಸುಮ್ಮನಾಗುತ್ತಾನೆ. ಆರೈಕೆ ಮಾಡುವವರಿಗೂ ರೋಗಿಯ ಎದುರು ಹೇಳಲಾಗದ ದಣಿವು ಇರುತ್ತದೆ. ಚಿಕಿತ್ಸೆ ಕೊಡುವ ಡಾಕ್ಟರು ಕೋಣೆಯಲ್ಲಿ ಇರಬಾರದು. ಅವರೆದುರು ಮಾತ್ರೆ ತಪ್ಪಿಸಿದೆ ಎಂದು ಯಾರು ಹೇಳಿಯಾರು?

ಹೊತ್ತು ಬೆಳಿಗ್ಗೆ 11ರಿಂದ 12:30, ನಡುವೆ 15 ನಿಮಿಷ ಚಹಾ. ರಾತ್ರಿ ಮಾತ್ರೆಯ ಜೋಂಪು ಬೆಳಿಗ್ಗೆ ಬೇಗ ಇಳಿಯುವುದಿಲ್ಲ, ಹಾವೇರಿ ಕಡೆಯಿಂದ ಹುಬ್ಬಳ್ಳಿಗೆ ಬಂದು ಧಾರವಾಡದ ಚಿಗರಿ ಬಸ್ ಹಿಡಿಯುವವರೂ ಇರುತ್ತಾರೆ. ಸಭೆಯ ವಿಷಯದ ಕಾಗದ ಎರಡೇ ಪುಟ, ದೊಡ್ಡಕ್ಷರ, 7 ದಿನ ಮೊದಲು ತಲುಪಲಿ. ಓದು ಬಾರದವರಿಗೆ ಫೋನಿನಲ್ಲಿ ಓದಿ ಹೇಳಿ.

ನಿಮ್ಮ ವಿಷಯದಲ್ಲೇ ನೋಡಿ. "ಮಾತ್ರೆ ತಪ್ಪಿಸುತ್ತೀರಾ?" ಎಂದರೆ ಅದು ತಪ್ಪು ಹುಡುಕುವ ಪ್ರಶ್ನೆ, ಉತ್ತರ "ಇಲ್ರಿ" ಅಂತಲೇ ಬರುತ್ತದೆ. "ಹೋದ 7 ದಿನದಲ್ಲಿ ಎಷ್ಟು ದಿನ ಮಾತ್ರೆ ತಗೊಳ್ಳೋದು ಆಗಲಿಲ್ಲ?" ಎಂದು ಕೇಳಿ, ಕೆಳಗೆ ಕಾರಣಗಳನ್ನಿಡಿ. ಆ ಕಾರಣಗಳು ಪುಸ್ತಕದಿಂದ ಬರುವುದಿಲ್ಲ, ಗುಂಪೇ ಹೇಳಬೇಕು: ಮಾತ್ರೆ ತೀರಿತ್ತು, ದವಾಖಾನೆಗೆ ಬರಲು ಜೊತೆಗೆ ಯಾರೂ ಇರಲಿಲ್ಲ, ಬಿತ್ತನೆ ದಿನ ಹೊಲದಲ್ಲಿ ಜೋಂಪು ಹತ್ತುತ್ತದೆ, ಮಾತ್ರೆಯಿಂದ ಮೈ ದಪ್ಪ ಆಯಿತು, ಬೀಗರ ಮನೆಯಲ್ಲಿ ಎಲ್ಲರೆದುರು ನುಂಗಲು ನಾಚಿಕೆ.

ಗೌರವಧನ ಅಂದೇ ಕೈಗೆ ಕೊಡಿ. ಬಿಲ್ಲು ಪಾಸಾಗಲಿ ಎಂದು ತಿಂಗಳುಗಟ್ಟಲೆ ಕಾಯಿಸಿದರೆ ಕೂಲಿ ಬಿಟ್ಟು ಬಂದವರು ಎರಡನೇ ಸಲ ಬರುವುದಿಲ್ಲ. ಬ್ಯಾಂಕಿಗೇ ಹಾಕಬೇಕೆಂದರೆ ಖಾತೆಯ ಎಟಿಎಂ ಕಾರ್ಡು ಯಾರ ಕೈಯಲ್ಲಿದೆ ಎಂದು ಮೊದಲು ಕೇಳಿ. ಎಷ್ಟೋ ಮನೆಗಳಲ್ಲಿ ಅದು ಬೇರೆಯವರ ಕಿಸೆಯಲ್ಲಿರುತ್ತದೆ.

ನಡುವೆ ಯಾರಿಗಾದರೂ ಕಾಯಿಲೆ ಮರುಕಳಿಸಬಹುದು. ಆಗ ಏನು ಮಾಡಬೇಕು, ಯಾರಿಗೆ ಫೋನ್ ಹಚ್ಚಬೇಕು ಎಂದು ಅವರು ಆರಾಮ ಇದ್ದಾಗಲೇ ಕೇಳಿ ಬರೆದಿಡಿ. ಅವರ ಜಾಗಕ್ಕೆ ಇನ್ನೊಬ್ಬರನ್ನು ತುಂಬಬೇಡಿ. ಚೇತರಿಸಿಕೊಂಡು ಬಂದಾಗ, ಅವರು ಹೇಳಿದ್ದರಲ್ಲಿ ಯಾವುದನ್ನು ತೆಗೆದುಕೊಂಡಿರಿ, ಯಾವುದನ್ನು ಬಿಟ್ಟಿರಿ, ಯಾಕೆ ಬಿಟ್ಟಿರಿ ಎಂದು ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಡಿ.