ದುಡ್ಡೂ ಅಷ್ಟಕ್ಕಷ್ಟೆ, ಮಂಡಿಯೂ ಸವೆದಿದೆ: ಇನ್ನು ಮುಂದೇನು?

ಪ್ರಶ್ನೆ: ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತನಾಗಿ ಒಂದೂವರೆ ವರ್ಷವಾಯಿತು. ವಯಸ್ಸು 62. ಪಿಂಚಣಿ ಮನೆಖರ್ಚಿಗೂ ಔಷಧಿಗೂ ಸರಿಹೋಗುತ್ತದೆ, ಮಿಗುವುದಿಲ್ಲ. ಎರಡೂ ಮಂಡಿ ಸವೆದಿವೆ, ಹೆಚ್ಚು ಹೊತ್ತು ನಿಲ್ಲಲಾಗದು. ಜೊತೆಗಿದ್ದವರು ಪ್ರವಾಸದ ಫೋಟೊ ಕಳಿಸುತ್ತಿರುತ್ತಾರೆ. ಅದನ್ನು ನೋಡಿದಾಗಲೆಲ್ಲ ನನ್ನ ಬದುಕು ಇಷ್ಟಕ್ಕೇ ಮುಗಿಯಿತೇ ಅನ್ನಿಸುತ್ತದೆ. ಹವ್ಯಾಸ ಬೆಳೆಸಿಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಎರಡು ಮೂರು ಶುರುಮಾಡಿ ಬಿಟ್ಟೂ ಆಯಿತು. ಏನು ಮಾಡಲಿ?

ಉತ್ತರ: ಹಣ ಮುಖ್ಯವಲ್ಲ ಎಂದು ನಿಮಗೆ ಉಪದೇಶ ಮಾಡುವುದಿಲ್ಲ. ಔಷಧಿಗೇ ಕೊರತೆ ಬೀಳುವ ಮನೆಯಲ್ಲಿ ಬದುಕಿನ ಅರ್ಥದ ಮಾತು ಕ್ರೂರವಾಗಿ ಕೇಳುತ್ತದೆ. ನಿಮ್ಮ ಸ್ಥಿತಿ ಅದಲ್ಲ, ಮಿಗುವುದಿಲ್ಲ, ಅಷ್ಟೇ. ಹಾಗಾಗಿ ಪ್ರವಾಸದ ಫೋಟೊ ಪಕ್ಕಕ್ಕಿಟ್ಟು ಬೇರೆ ಕಡೆಯಿಂದ ಯೋಚಿಸೋಣ.

ಕಚೇರಿ ನಿಮಗೆ ಸಂಬಳದ ಜೊತೆ ಇನ್ನೊಂದನ್ನೂ ಕೊಡುತ್ತಿತ್ತು. ಬೆಳಿಗ್ಗೆ ನಿಮ್ಮ ಕುರ್ಚಿ ಖಾಲಿಯಿದ್ದರೆ ‘ಯಾಕೆ, ಇವತ್ತು ಬಂದಿಲ್ವಾ?’ ಎಂದು ಕೇಳುವವರಿದ್ದರು. ತಿಂಗಳ ಕೊನೆಯಲ್ಲಿ ಲೆಕ್ಕ ತಾಳೆಯಾಗದಿದ್ದರೆ ನಿಮ್ಮ ಮೇಜಿನ ಹತ್ತಿರ ಬರುತ್ತಿದ್ದರು. ನಿಮ್ಮ ಹವ್ಯಾಸಗಳು ಅರ್ಧಕ್ಕೇ ಬಿಟ್ಟುಹೋಗುವುದಕ್ಕೆ ಸೋಮಾರಿತನ ಕಾರಣ ಎಂದು ನನಗನ್ನಿಸುವುದಿಲ್ಲ. ಇವತ್ತು ಚಿತ್ರ ಬರೆಯದಿದ್ದರೆ ಯಾರಿಗೂ ಏನೂ ಆಗುವುದಿಲ್ಲ, ಅದೇ ತೊಂದರೆ. ಆದ್ದರಿಂದ ಹವ್ಯಾಸ ಹುಡುಕಬೇಡಿ. ನಿಮಗಾಗಿ ಕಾಯುವ ಒಬ್ಬರನ್ನು ಹುಡುಕಿ.

ಅದಕ್ಕೆ ಓಡಾಟ ಬೇಕಿಲ್ಲ. ಲೆಕ್ಕದಲ್ಲಿ ಹಿಂದುಳಿದ ಒಂದು ಮಗುವಿಗೆ ಫೋನಿನಲ್ಲೇ ದಿನಕ್ಕೆ ಇಪ್ಪತ್ತು ನಿಮಿಷ ಹೇಳಿಕೊಡಬಹುದು. ಬ್ಯಾಂಕಿನ ಫಾರಂ ಕಂಡರೆ ಕೈ ನಡುಗುವವರ ಪಕ್ಕ ಕುಳಿತು ಒಂದೊಂದೇ ಕಲಂ ತುಂಬಿಸಬಹುದು. ಹಾಸಿಗೆ ಹಿಡಿದಿರುವ ಹಳೆಯ ಸಹೋದ್ಯೋಗಿಗೆ ದಿನಾ ಸಂಜೆ ಪತ್ರಿಕೆ ಓದಿ ಹೇಳಬಹುದು. ‘ಬಿಡುವಾದಾಗ ಮಾಡ್ತೀನಿ’ ಎಂದು ಮಾತ್ರ ಹೇಳಬೇಡಿ. ವಾರವೂ ಸಮಯವೂ ಗೊತ್ತುಮಾಡಿಕೊಳ್ಳಿ. ಐದು ಗಂಟೆ ಎಂದರೆ ಐದು ಗಂಟೆ. ಆ ಮಗು ಪುಸ್ತಕ ತೆರೆದು ಕುಳಿತಿರುತ್ತದೆ ಎಂಬುದು ನೆನಪಾದರೆ, ಮನಸ್ಸಿಲ್ಲದ ದಿನವೂ ನೀವು ಫೋನ್ ಕೈಗೆತ್ತಿಕೊಳ್ಳುತ್ತೀರಿ.

ಇನ್ನು ಮಂಡಿಯ ಮಾತು. ಮುಪ್ಪಿನ ಬಗ್ಗೆ ಅಧ್ಯಯನ ಮಾಡಿದ ಜರ್ಮನಿಯ ಮನೋವಿಜ್ಞಾನಿ ಪೌಲ್ ಬಾಲ್ಟೆಸ್ ಪಿಯಾನೊ ವಾದಕ ಆರ್ಥರ್ ರೂಬಿನ್‌ಸ್ಟೈನ್ ಅವರ ಉದಾಹರಣೆ ಕೊಡುತ್ತಿದ್ದರು. ಎಂಬತ್ತರ ವಯಸ್ಸಿನಲ್ಲೂ ಇಷ್ಟು ಚೆನ್ನಾಗಿ ಹೇಗೆ ನುಡಿಸುತ್ತೀರಿ ಎಂದು ಕೇಳಿದಾಗ ರೂಬಿನ್‌ಸ್ಟೈನ್ ಮೂರು ಉಪಾಯ ಹೇಳಿದರಂತೆ. ಮೊದಲಿಗಿಂತ ಕಡಿಮೆ ಕೃತಿಗಳನ್ನು ಆರಿಸಿಕೊಳ್ಳುವುದು, ಅವನ್ನೇ ಹೆಚ್ಚು ಅಭ್ಯಾಸ ಮಾಡುವುದು, ಮತ್ತು ವೇಗದ ಭಾಗ ಬರುವ ಮುನ್ನ ಬೇಕೆಂದೇ ನಿಧಾನವಾಗಿ ನುಡಿಸುವುದು. ಹಾಗೆ ಮಾಡಿದರೆ ಮುಂದಿನದು ಕೇಳುಗರಿಗೆ ವೇಗವಾಗಿಯೇ ಕೇಳಿಸುತ್ತದೆ! ಬೆರಳು ಮೊದಲಿನಂತಿಲ್ಲ ಎಂಬುದನ್ನು ಒಪ್ಪಿಕೊಂಡು ಹೂಡಿದ ಈ ಜಾಣತನ ನನಗೆ ಬಲು ಇಷ್ಟ. ಅವರು ವೇದಿಕೆಯಿಂದ ಇಳಿದದ್ದು 1976ರಲ್ಲಿ, 89ನೇ ವಯಸ್ಸಿನಲ್ಲಿ.

ನೀವೂ ಹಾಗೆಯೇ ಕಡಿಮೆ ಆರಿಸಿಕೊಳ್ಳಿ, ಐದು ಕೆಲಸ ಬೇಡ, ಒಂದು ಸಾಕು. ಮಂಡಿ ಸವೆದವರಿಗೆ ಬೆಳಿಗ್ಗೆ ಎದ್ದೊಡನೆ ಇರುವ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಆಮೇಲೆ ಮೈ ಹಗುರಾಗಿರುವ ಎರಡು ತಾಸು ಯಾವುದೆಂದು ಒಂದು ವಾರ ಗಮನಿಸಿ. ಬಹಳಷ್ಟು ಜನ ಆ ಹೊತ್ತನ್ನು ಬಿಲ್ ಕಟ್ಟುವುದಕ್ಕೆ, ಸಾಮಾನು ತರುವುದಕ್ಕೆ ಕಳೆದು, ಸುಸ್ತಾದ ಮೇಲೆ ಇಷ್ಟದ ಕೆಲಸಕ್ಕೆ ಕೂರುತ್ತಾರೆ. ಅದನ್ನು ಅದಲುಬದಲು ಮಾಡಿ. ಮಂಡಿ ನೋಯುತ್ತದೆಂದು ಪೂರ್ತಿ ಕುಳಿತುಬಿಡುವುದೂ ಬೇಡ. ತೊಡೆಯ ಸ್ನಾಯು ಸೋತಷ್ಟೂ ಮಂಡಿಗೆ ಭಾರ ಹೆಚ್ಚು. ಕುರ್ಚಿಯಲ್ಲೇ ಕುಳಿತು ಮಾಡುವ ವ್ಯಾಯಾಮವನ್ನು ಫಿಸಿಯೊಥೆರಪಿಸ್ಟ್ ಹತ್ತಿರ ಒಮ್ಮೆ ಸರಿಯಾಗಿ ಕಲಿತುಕೊಂಡರೆ ಆಮೇಲೆ ಮನೆಯಲ್ಲೇ ಮಾಡಬಹುದು, ಖರ್ಚಿಲ್ಲ.

ಒಂದು ಎಚ್ಚರಿಕೆ. ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಎರಡು ವಾರಕ್ಕೂ ಹೆಚ್ಚು ಸತತವಾಗಿದ್ದು, ನಿದ್ದೆ, ಹಸಿವು ಕೆಟ್ಟಿದ್ದರೆ ನನ್ನ ಸಲಹೆಗಳನ್ನೆಲ್ಲ ಬದಿಗಿಟ್ಟು ವೈದ್ಯರನ್ನು ಕಾಣಿ. ಬದುಕಿರುವುದೇ ಬೇಡ ಅನ್ನಿಸಿದರಂತೂ ಒಂದು ದಿನವೂ ತಡಮಾಡಬೇಡಿ. ಖಿನ್ನತೆ ವಯಸ್ಸಿನ ಜೊತೆ ತಾನಾಗಿ ಬರುವಂಥದ್ದಲ್ಲ. ಅದೊಂದು ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ.

ಪ್ರಶ್ನೆ: ನಮ್ಮ ಯಜಮಾನರು ನಿವೃತ್ತರಾದಾಗಿನಿಂದ ಮನೆಯಲ್ಲಿ ನಾನು ಮಾಡುವ ಪ್ರತಿ ಕೆಲಸಕ್ಕೂ ತಪ್ಪು ಹುಡುಕುತ್ತಾರೆ. ಇಲ್ಲವೇ ಜೋರಾಗಿ ಟಿ.ವಿ. ಹಾಕಿಕೊಂಡು ಕೂರುತ್ತಾರೆ. ಸಹಾಯಕ್ಕೆ ಕರೆದರೆ ಎರಡು ದಿನ ಮಾಡಿ ಬಿಡುತ್ತಾರೆ.

ಉತ್ತರ: ಸಹಾಯಕ್ಕೆ ಕರೆಯುತ್ತಿರುವುದರಲ್ಲೇ ತೊಡಕಿದೆ. ಇಷ್ಟು ವರ್ಷ ಜವಾಬ್ದಾರಿ ಹೊತ್ತವರಿಗೆ ನೀವು ಸಹಾಯಕನ ಹುದ್ದೆ ಕೊಟ್ಟಿದ್ದೀರಿ. ಅಮೆರಿಕದ ಮನೋವಿಜ್ಞಾನಿಗಳಾದ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ 1976ರಲ್ಲಿ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ನಡೆಸಿದ ಪ್ರಯೋಗ ಪ್ರಕಟಿಸಿದರು. ಒಂದು ಗುಂಪಿನವರು ತಮ್ಮ ಗಿಡವನ್ನು ತಾವೇ ನೋಡಿಕೊಳ್ಳಬೇಕಿತ್ತು, ದಿನಚರಿಯ ಕೆಲವು ತೀರ್ಮಾನಗಳೂ ಅವರವೇ. ಇನ್ನೊಂದು ಗುಂಪಿನವರಿಗೂ ಗಿಡ ಸಿಕ್ಕಿತು, ಆದರೆ ನೀರು ಹಾಕುವುದು ಸಿಬ್ಬಂದಿ. ಕೆಲವೇ ವಾರಗಳಲ್ಲಿ ಮೊದಲ ಗುಂಪಿನವರು ಹೆಚ್ಚು ಚುರುಕಾಗಿದ್ದರು. ಸಣ್ಣ ಪ್ರಯೋಗ, ಅದನ್ನೇ ವೇದವಾಕ್ಯ ಅಂದುಕೊಳ್ಳಬೇಕಿಲ್ಲ. ಆದರೂ ನಿಮ್ಮ ಮನೆಗೆ ಹೊಂದುತ್ತದೆ.

ಬಟ್ಟೆಯೋ, ಮನೆಯ ಲೆಕ್ಕವೋ, ಸಾಮಾನು ತರಿಸುವುದೋ, ಯಾವುದಾದರೂ ಒಂದನ್ನು ಪೂರ್ತಿ ಅವರಿಗೆ ಬಿಟ್ಟುಕೊಡಿ. ಯಾವಾಗ, ಹೇಗೆ ಎಂಬುದನ್ನು ಅವರೇ ತೀರ್ಮಾನಿಸಲಿ. ಬಟ್ಟೆಯನ್ನು ನಿಮ್ಮಂತೆ ಮಡಿಸದಿದ್ದರೆ ಮತ್ತೆ ಬಿಚ್ಚಿ ಮಡಿಸಲು ಹೋಗಬೇಡಿ. ಹೇಳಿದಷ್ಟು ಸುಲಭವಲ್ಲ, ಗೊತ್ತು. ಮತ್ತೆ, ಟಿ.ವಿ. ಜೋರಾಗಿಡುತ್ತಾರೆ ಅಂದಿರಿ. ಕೇಳಿದ್ದನ್ನೇ ಎರಡೆರಡು ಸಲ ಕೇಳುತ್ತಾರೆಯೇ? ಹಾಗಿದ್ದರೆ ಶ್ರವಣ ಪರೀಕ್ಷೆ ಮಾಡಿಸಿ. ಕಿವಿ ಮಂದವಾದವರು ಮಾತು ತಪ್ಪಿಸಿಕೊಳ್ಳಲು ಜನರಿಂದಲೇ ದೂರ ಉಳಿಯುತ್ತಾರೆ, ಮನೆಯವರು ಅದನ್ನು ಮುಂಗೋಪ ಎಂದುಕೊಂಡಿರುತ್ತಾರೆ.