ಕೊಗನೊಳ್ಳಿ ಟೋಲ್ ದಾಟಿದ ಸಾಲ

ಸಾಲ ಮಾಡಿದವನು ಗಡಿ ದಾಟಿ ಮಹಾರಾಷ್ಟ್ರ ಸೇರಿಕೊಂಡರೆ ಸಾವಕಾರ ಏನು ಮಾಡ್ತಾನೆ ಅಂತ ಕೇಳಿದ್ದೀರಿ. ಮೈಸೂರಿನವರಾದ ನಿಮಗೆ ಇದು ಬರೀ ಕುತೂಹಲ ಇರಬಹುದು. ನಮ್ಮ ನಿಪ್ಪಾಣಿಯಲ್ಲಿ ಮಾತ್ರ 'ಆಚೆ ಹೋದರೆ ಮುಗೀತು' ಅಂತ ಖರೇನೇ ನಂಬಿದವರಿದ್ದಾರೆ. ಅವರಲ್ಲಿ ನಮ್ಮ ಅಕ್ಕನ ಗಂಡನೂ ಒಬ್ಬ.

ಇಲ್ಲಿ ಗಡಿ ಅಂದರೆ ಕೊಗನೊಳ್ಳಿ ಟೋಲು. ದಾಟಿದರೆ ಮಹಾರಾಷ್ಟ್ರದ ಕಾಗಲ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಅಲ್ಲಿನ ಫ್ಯಾಕ್ಟರಿಗೆ ಹೋಗಿ ರಾತ್ರಿ ಮನೆಗೆ ಬಂದು ಮಲಗುವವರು ನಮ್ಮ ಓಣಿಯಲ್ಲೇ ಇದ್ದಾರೆ. ಹೆಣ್ಣು ಕೊಡುವುದು, ತರುವುದು, ದೊಡ್ಡ ದವಾಖಾನೆ ಎಲ್ಲಾ ಕೊಲ್ಹಾಪುರದ ಕಡೆ. ಎರಡೂ ಕಡೆ ಸದಸ್ಯರಿರುವ ಬಹುರಾಜ್ಯ ಸಹಕಾರಿ ಸೊಸೈಟಿಗಳು ಇಲ್ಲಿ ಹೆಚ್ಚು. ಅವುಗಳ ಬಾಕಿ ಸಿವಿಲ್ ಕೋರ್ಟಿಗೆ ಹೋಗುವುದಿಲ್ಲ, 2002ರ ಬಹುರಾಜ್ಯ ಸಹಕಾರಿ ಕಾಯ್ದೆಯ ಪ್ರಕಾರ ಪಂಚರ, ಅಂದರೆ ಆರ್ಬಿಟ್ರೇಟರ ಮುಂದೆ ಹೋಗುತ್ತದೆ. ಅದೇ ಬೇರೆ ಪುರಾಣ. ನಮ್ಮ ಭಾವನದು ಪ್ರಾಮಿಸರಿ ನೋಟಿನ, ಅಂದರೆ ಹಣ ಕೊಡ್ತೀನಿ ಅಂತ ಸಹಿ ಹಾಕಿದ ಪತ್ರದ ಮೇಲೆ ಪೇಟೆಯ ಸಾವಕಾರನಿಂದ ತಂದ ಎರಡು ಲಕ್ಷ.

ಭಾವ ಗಡಿಯಾಚೆ ಇಚಲಕರಂಜಿಗೆ ಹೋಗಿ ಒಂದು ಮಗ್ಗದ ಕಾರಖಾನೆಯಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದ. ಮೂರು ವರ್ಷ ಕಳೆದರೆ ಸಾಲ ಕಾಲಬಾಧಿತ ಆಗುತ್ತದೆ, ಅಂದರೆ ಅವಧಿ ಮೀರಿ ದಾವೆ ಹಾಕಲು ಬರುವುದಿಲ್ಲ ಅಂತ ಯಾರೋ ತಲೆಗೆ ತುಂಬಿದ್ದರು. ಮಾತು ಸುಳ್ಳಲ್ಲ. ಆದರೆ ಅವಧಿ ಮುಗಿಯಲು ಎರಡು ತಿಂಗಳಿರುವಾಗ ಒಂದು ಭಾನುವಾರ ಸಾವಕಾರ ಅವನ ರೂಮಿಗೇ ಬಂದ. ಚಹಾ ಕುಡಿದ. "ಪೂರಾ ಬ್ಯಾಡೋ, ಇದ್ದಷ್ಟು ಕೊಡು" ಅಂದ. ಭಾವ ಐನೂರು ಕೊಟ್ಟ. ಸಾವಕಾರ ಪ್ರಾಮಿಸರಿ ನೋಟಿನ ಹಿಂಬದಿಗೆ ತಾರೀಖು ಹಾಕಿ 'ರೂ. 500 ಜಮಾ' ಅಂತ ಬರೆದು ಭಾವನ ಸಹಿ ತಗೊಂಡ. ಆ ಸಹಿಯ ದಿನದಿಂದ ಮತ್ತೆ ಮೂರು ವರ್ಷ ಶುರು. ತಾನೇ ಐನೂರು ಕೊಟ್ಟು ಭಾವ ಸಾವಕಾರನಿಗೆ ಮೂರು ವರ್ಷ ಕೊಡಿಸಿದ ವ್ಯಾಪಾರ ಅದು.

ಆಮೇಲೆ ದಾವೆ ಬಿತ್ತು, ನಿಪ್ಪಾಣಿ ಕೋರ್ಟಿನಲ್ಲೇ. ಪ್ರತಿವಾದಿ ಇರುವ ಊರಿನಲ್ಲೂ ಹಾಕಬಹುದು, ವ್ಯವಹಾರ ನಡೆದ ಊರಿನಲ್ಲೂ ಹಾಕಬಹುದು. ನೋಟು ಬರೆದದ್ದು ನಿಪ್ಪಾಣಿಯಲ್ಲಿ ಅಂದಮೇಲೆ ಸಾವಕಾರ ಇಚಲಕರಂಜಿಗೆ ಯಾಕೆ ಅಲೆಯುತ್ತಾನೆ? ಸರಿಯಾದ ವಿಳಾಸ ಕೊಟ್ಟಿದ್ದರೆ ಸಮನ್ಸು ಅಲ್ಲಿನ ಕೋರ್ಟಿಗೆ ಹೋಗಿ, ಅಲ್ಲಿನ ಬೇಲೀಫನ (ಸಮನ್ಸು ಮುಟ್ಟಿಸುವ ಕೋರ್ಟಿನ ನೌಕರ) ಕೈಯಿಂದ ಭಾವನಿಗೆ ಮುಟ್ಟಬೇಕಿತ್ತು. ಆ ಬೇಲೀಫ ಮರಾಠಿಯಲ್ಲಿ ವರದಿ ಬರೆದರೆ ಅದರ ಜೊತೆಗೆ ಹಿಂದಿ ಇಲ್ಲವೇ ಇಂಗ್ಲಿಷ್ ಅನುವಾದ ಇಟ್ಟು ನಿಪ್ಪಾಣಿಗೆ ಕಳಿಸಬೇಕು ಅಂತ ಕಾನೂನಿದೆ. ಚಹಾದಂಗಡಿ ಹುಡುಗನೂ ಮರಾಠಿ ಮಾತಾಡುವ ಊರು ನಮ್ಮದು!

ಆದರೆ ಸಾವಕಾರ ಕೊಟ್ಟದ್ದು ಹಳೆ ಮನೆಯ ವಿಳಾಸ. ಬೇಲೀಫ ಬಂದಾಗ ಬಾಗಿಲಲ್ಲಿ ಅಕ್ಕನ ಅತ್ತೆ. "ಅಂವ ಇಲ್ಲಿ ಇಲ್ಲರೀ, ಎಲ್ಲಿ ಅದಾನೋ ನಮಗೇನ ಗೊತ್ತ" ಅಂದಳು. ಮಗನನ್ನು ಉಳಿಸಿದೆ ಅಂತ ಮುದುಕಿಯ ಲೆಕ್ಕ. ಬೇಲೀಫ ಬಾಗಿಲಿಗೆ ಕಾಗದ ಅಂಟಿಸಿ ಹೋದ. ಅದನ್ನು ಯಾರೂ ಕಿತ್ತು ಓದಲಿಲ್ಲ. ಮಳೆಗೆ ತೊಯ್ದು ತಾನೇ ಬಿತ್ತು. ಕೋರ್ಟಿನಲ್ಲಿ ಭಾವನ ಹೆಸರು ಕೂಗಿದರು, ಯಾರೂ ಇಲ್ಲ, ಏಕಪಕ್ಷೀಯ ಡಿಕ್ರಿ, ಅಂದರೆ ಸಾವಕಾರನ ಮಾತು ಮಾತ್ರ ಕೇಳಿ ಕೊಟ್ಟ ತೀರ್ಪು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ ಜಾಗದಲ್ಲಿದೆ. ಕೋರ್ಟಿನ ಕೈ ಗಡಿ ದಾಟುತ್ತದೆ, ಅದರಲ್ಲಿ ದೊಡ್ಡ ವಿಷಯವಿಲ್ಲ. ಗಡಿ ದಾಟದೇ ಇದ್ದದ್ದು ದಾವೆಯ ಸುದ್ದಿ. ಹೋಗಿ ಹಾಜರಾಗಿದ್ದರೆ ಸಮನ್ಸು ಮುಟ್ಟಿದ 30 ದಿನದೊಳಗೆ, ಕಾರಣ ತೋರಿಸಿದರೆ 90 ದಿನದವರೆಗೂ ಕೈಫಿಯತ್ತು, ಅಂದರೆ ಬರವಣಿಗೆಯಲ್ಲಿ ಉತ್ತರ, ಕೊಡಬಹುದಿತ್ತು. ನೋಟಿನ ದಾವೆಯನ್ನು ಬೇಗ ಮುಗಿಸುವ ಸಂಕ್ಷಿಪ್ತ ದಾವೆ (ಸಮ್ಮರಿ ಸೂಟ್) ಅಂತ ಹಾಕಿದ್ದರೆ ಹತ್ತೇ ದಿನದಲ್ಲಿ ಹಾಜರಾಗಬೇಕು ಅನ್ನುವುದೂ ನೆನಪಿರಲಿ. ಬಡ್ಡಿ ವ್ಯಾಪಾರ ಮಾಡುವವನ ಹತ್ತಿರ ಲೈಸೆನ್ಸ್ ಇತ್ತೇ ಅಂತ ಕೇಳಬಹುದಿತ್ತು. ಕರ್ನಾಟಕದ 1961ರ ಲೇವಾದೇವಿ ಕಾಯ್ದೆಯಲ್ಲಿ ಲೈಸೆನ್ಸಿಲ್ಲದ ಲೇವಾದೇವಿಗಾರನಿಗೆ ಡಿಕ್ರಿ ಸಿಗುವುದಿಲ್ಲ. ಈ ಯಾವ ಮಾತನ್ನೂ ಆಡಲು ಅಲ್ಲಿ ಜನ ಇರಲಿಲ್ಲ.

ಒಂದು ವರ್ಷದ ಮೇಲೆ ಕಾರಖಾನೆಯ ಮಾಲೀಕ ಭಾವನನ್ನು ಕರೆದು ಒಂದು ಲಕೋಟೆ ಕೈಗಿಟ್ಟ. ಡಿಕ್ರಿ ಇಚಲಕರಂಜಿ ಕೋರ್ಟಿಗೆ ವರ್ಗ ಆಗಿ ಪಗಾರ ಜಪ್ತಿಗೆ ಬಂದಿತ್ತು. ಪಗಾರದಲ್ಲಿ ಮೊದಲ ಸಾವಿರ ಮತ್ತು ಉಳಿದದ್ದರ ಮೂರರಲ್ಲಿ ಎರಡು ಪಾಲು ಮುಟ್ಟುವಂತಿಲ್ಲ. ಭಾವನಿಗೆ ಹದಿನಾರು ಸಾವಿರ, ಅಂದರೆ ತಿಂಗಳಿಗೆ ಐದು ಸಾವಿರ ಹೋಗುತ್ತದೆ. ಅದೇ ಶೆಡ್ಡಿನಲ್ಲಿ ಮಗ್ಗ ಓಡಿಸುವ ಕೂಲಿಯವನ ಕೂಲಿಯನ್ನು ಕಾನೂನು ಜಪ್ತಿ ಮಾಡುವುದಿಲ್ಲ. ಕುರ್ಚಿಯ ಮೇಲೆ ಕೂತ ತಪ್ಪಿಗೆ ಭಾವ ಸಿಕ್ಕಿಬಿದ್ದ.

ಜೈಲಿಗೆ ಹಾಕ್ತಾರೇನು ಅಂತ ಅಕ್ಕ ಅತ್ತಳು. ಬಡತನಕ್ಕೆ ಹಾಕುವುದಿಲ್ಲ. ಕೈಯಲ್ಲಿ ಹಣವಿದ್ದೂ ಕೊಡದೇ ಇದ್ದರೆ, ಡಿಕ್ರಿ ತಪ್ಪಿಸಲೆಂದೇ ಊರು ಬಿಡುವ ಹಂಚಿಕೆ ಹಾಕಿದರೆ ಮಾತು ಬೇರೆ. ಚೆಕ್ ಬೌನ್ಸಾದರೂ ಬೇರೆ, ಅದು ಫೌಜದಾರಿ, ಅಂದರೆ ಕ್ರಿಮಿನಲ್ ಕೇಸು. ಸಾವಕಾರ ಚೆಕ್ಕನ್ನು ತನ್ನ ಖಾತೆಗೆ ಹಾಕಿದ್ದರೆ ಆ ಖಾತೆಯ ಬ್ಯಾಂಕ್ ಶಾಖೆ ಇರುವ ಊರಿನಲ್ಲೇ ಪ್ರಕರಣ, 2015ರ ತಿದ್ದುಪಡಿಯಿಂದ ಹಾಗೆ. ಹಾಜರಾಗದಿದ್ದರೆ ವಾರಂಟು ಹಿಡಿದು ಪೊಲೀಸರು ಬರುತ್ತಾರೆ.

ವಕೀಲರು ಕೋರ್ಟುಗಳ ವೆಬ್‌ಸೈಟಾದ ಇ-ಕೋರ್ಟ್ಸ್‌ನಲ್ಲಿ ಭಾವನ ಹೆಸರು ಹಾಕಿ ಹುಡುಕಿದರು. ಎರಡು ನಿಮಿಷದಲ್ಲಿ ದಾವೆಯ ಎಲ್ಲ ತಾರೀಖುಗಳೂ ಬಂದವು. ಇದನ್ನು ನಾವೇ ಮೊದಲು ಮಾಡಬಹುದಿತ್ತು. ಸಮನ್ಸು ಸರಿಯಾಗಿ ಮುಟ್ಟಿಲ್ಲದಿದ್ದರೆ ಡಿಕ್ರಿಯ ವಿಷಯ ಗೊತ್ತಾದ ದಿನದಿಂದ 30 ದಿನದಲ್ಲಿ ಅದನ್ನು ರದ್ದು ಮಾಡಲು ಅರ್ಜಿ ಹಾಕಬೇಕು. ಭಾವ ಇಪ್ಪತ್ತಾರನೇ ದಿನ ಹಾಕಿದ, ಇಚಲಕರಂಜಿಯ ಬಾಡಿಗೆ ಕರಾರು ಮತ್ತು ಕರೆಂಟ್ ಬಿಲ್ಲು ಹಚ್ಚಿ. ಸ್ವಲ್ಪ ಹಣ ಕೋರ್ಟಿಗೆ ಕಟ್ಟಿಸಿಕೊಂಡು ಡಿಕ್ರಿ ತೆಗೆದರು. ಮುಂದೆ ಲೋಕ ಅದಾಲತ್ತಿನಲ್ಲಿ ಬಡ್ಡಿ ಇಳಿಸಿ ಕಂತು ಮಾಡಿಕೊಂಡರು, ಸಾವಕಾರನಿಗೂ ಕೋರ್ಟ್ ಫೀ ವಾಪಸ್ ಬಂತು.

ಈಗ ಅಕ್ಕನ ಅತ್ತೆ ಖಾಕಿ ಬಟ್ಟೆಯ ಯಾರು ಬಂದರೂ ಒಳಗೆ ಕರೆದು ಕೂರಿಸಿ, ಮಗನ ಇಚಲಕರಂಜಿ ವಿಳಾಸ ಬರೆದ ಚೀಟಿ ಕೊಡುತ್ತಾಳೆ. ಮೊನ್ನೆ ಗ್ಯಾಸಿನ ಹುಡುಗನಿಗೂ ಒಂದು ಕೊಟ್ಟಳಂತೆ.