ಹಾಸಿಗೆ ಇದ್ದಷ್ಟು ಕಾಲು ಚಾಚಿ: ಪಿಕಪ್ ಗಾಡಿ ಪ್ರಶ್ನೋತ್ತರ

ಪಿಕಪ್ ಗಾಡಿ ಹಿಂದೆ ಮಲ್ಕೊಂಡು ಊರೂರು ಸುತ್ತೋ ಆಸೆ ಇಷ್ಟು ಜನಕ್ಕಿದೆ ಅಂತ ಗೊತ್ತಿರ್ಲಿಲ್ಲ. ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ 'ಇನ್ನೇನು ಸೇರಿಸ್ಬಹುದು' ಅಂತಾನೇ ಇವೆ, 'ಏನು ಬಿಡ್ಬಹುದು' ಅಂತ ಒಬ್ರೂ ಕೇಳಿಲ್ಲ. ಉತ್ತರಗಳು ಸ್ವಲ್ಪ ಗದರಿದ ಹಾಗೆ ಕೇಳಿಸಿದ್ರೆ ಬೇಜಾರು ಮಾಡ್ಕೋಬೇಡಿ, ಇಲ್ಲಿರೋ ತಪ್ಪುಗಳಲ್ಲಿ ಬಹುಪಾಲು ನಾನೇ ಮಾಡಿ ದುಡ್ಡು ಕಳ್ಕೊಂಡಿರೋವು.

ಪ್ರ: ಸರ್, ನಂದು ನಾಲ್ಕು ಬಾಗಿಲಿನ ಪಿಕಪ್. ಹಿಂದಿನ ತೊಟ್ಟಿ ಉದ್ದ ಒಳಗಡೆ 150 ಸೆಂಟಿಮೀಟರ್, ನಾನು 6 ಅಡಿ ಇದೀನಿ. ತೊಟ್ಟಿ ಮೇಲೆ ಕ್ಯಾನೋಪಿ, ಅಂದ್ರೆ ಕಿಟಕಿ ಇರೋ ಗಟ್ಟಿ ಮುಚ್ಚಳ, ಹಾಕ್ಸಿದೀನಿ. ಮಲಗೋಕೆ ಮಂಚ, ಅದರ ಕೆಳಗೆ ದೊಡ್ಡ ಡ್ರಾಯರ್, ಎರಡೂ ಆಗ್ಬೇಕು. ಆಗತ್ತಾ?

ಉ: ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನೋ ಗಾದೆ ನಿಮ್ಮನ್ನ ನೋಡೇ ಮಾಡಿದ ಹಾಗಿದೆ. 6 ಅಡಿ ಅಂದ್ರೆ 183 ಸೆಂಟಿಮೀಟರ್, ತಲೆದಿಂಬು, ಚಾಚಿದ ಪಾದ ಎಲ್ಲ ಸೇರಿ 190 ಆದ್ರೂ ಬೇಕು, ಅಂದ್ರೆ 40 ಕಮ್ಮಿ ಬೀಳತ್ತೆ. ಒಬ್ರೇ ಮಲಗೋದಾದ್ರೆ ಮೂಲೆಯಿಂದ ಮೂಲೆಗೆ ಮಲಗ್ಬಹುದು, ಚಕ್ರದ ಉಬ್ಬಿನ ಮೇಲೆ ಅಗಲ 140 ಸಿಗತ್ತೆ ಅಂದ್ಕೊಂಡ್ರೆ ಕರ್ಣ ಸುಮಾರು 205 ಬರತ್ತೆ, ಆದ್ರೆ ಮನುಷ್ಯ ಗೆರೆ ಅಲ್ವಲ್ಲ, ಭುಜಕ್ಕೂ ಜಾಗ ಬೇಕು, ಹಾಗಾಗಿ ನಿಮ್ಮ ಎತ್ತರಕ್ಕೆ ಸರಿಯಾಗಿ ಸಾಕಾಗತ್ತೆ ಅಷ್ಟೇ. ಇಬ್ರು ಮಲಗ್ಬೇಕು ಅಂದ್ರೆ ಹಿಂದಿನ ಬಾಗಿಲು ಕೆಳಗೆ ಬಿಟ್ಟು ಅದರ ಮೇಲೆ ಬರೋ ಹಾಗೆ 45 ಸೆಂಟಿಮೀಟರಿನ ಮಡಚೋ ಹಲಗೆ ಮಾಡಿ, ಹಗಲು ಅದು ಮಂಚದ ಮೇಲೇ ಮಡಚಿ ಕೂತಿರತ್ತೆ. ಹಲಗೆ ಭಾರ ಪೂರ್ತಿ ಕೀಲಿನ ಮೇಲೆ ಬಿಡ್ಬೇಡಿ, ಬಾಗಿಲ ಮೇಲೆ ನಿಲ್ಲೋ ಹಾಗೆ ಎರಡು ಕಾಲು ಕೊಡಿ. ಆಮೇಲೆ ಹೊರಗೆ ಚಾಚ್ಕೊಂಡಿರೋ ಭಾಗಕ್ಕೆ ಬಟ್ಟೆ ಮರೆ ಹೊಲಿಸ್ಲೇಬೇಕು, ಸೊಳ್ಳೆಗೂ ಮಳೆಗೂ.

ಈಗ ದೊಡ್ಡ ಡ್ರಾಯರ್ ವಿಷ್ಯ. ಇಲ್ಲಿ ನಾನೇ ಮುಗ್ಗರಿಸಿದ್ದು. ಡ್ರಾಯರ್ ದೊಡ್ಡದಿರ್ಲಿ ಅಂತ ಮಂಚನ 40 ಸೆಂಟಿಮೀಟರ್ ಎತ್ತರ ಮಾಡ್ದೆ, ಅದರ ಮೇಲೆ 10 ಸೆಂಟಿಮೀಟರ್ ಫೋಮ್. ತೊಟ್ಟಿ ತಳದಿಂದ ಕ್ಯಾನೋಪಿ ಛಾವಣಿಗೆ ಇದ್ದಿದ್ದೇ 95. ಉಳಿದಿದ್ದು 45. ಅಂಗಾತ ಮಲ್ಕೊಂಡ್ರೆ ಏನೂ ತೊಂದ್ರೆ ಇಲ್ಲ, ಮಗ್ಗುಲಾದ ತಕ್ಷಣ ಭುಜ ಹೋಗಿ ಛಾವಣಿಗೆ ಒತ್ಕೊಳ್ತಿತ್ತು, ರಾತ್ರಿ ಒಂದ್ಸಲ ಹೊರಗೆ ಹೋಗ್ಬೇಕು ಅಂದ್ರೆ ಹಾವಿನ ತರ ಜಾರ್ಕೊಂಡು ಇಳೀಬೇಕು. ಮೂರನೇ ಬೆಳಿಗ್ಗೆ ಗರಗಸ ತಗೊಂಡು ಕಾಲುಗಳನ್ನೆಲ್ಲ 22ಕ್ಕೆ ಕತ್ತರಿಸಿದೆ, ಚಕ್ರದ ಉಬ್ಬಿಗಿಂತ ಒಂದು ಬೆರಳು ಮೇಲೆ, ಅಷ್ಟು ಸಾಕು. ಅದಕ್ಕೇ ಹೇಳೋದು, ಪ್ಲೈವುಡ್ ಕೊಳ್ಳೋಕೆ ಮುಂಚೆ ರಟ್ಟಿನ ಡಬ್ಬ ಜೋಡಿಸಿ ಅದರ ಮೇಲೆ ಎರಡು ರಾತ್ರಿ ಮಲಗಿ ನೋಡಿ, ಅಕ್ಕಪಕ್ಕದೋರು ನಕ್ರೆ ನಗ್ಲಿ.

ಪ್ರ: ನನ್ನ ಗಾಡಿ ಲೋಡ್ ಕೆಪಾಸಿಟಿ 900 ಕೆಜಿ. ಕ್ಯಾನೋಪಿ, ಅದರ ಮೇಲೆ ರೂಫ್ ಟೆಂಟ್, ಡ್ರಾಯರ್, ಫ್ರಿಜ್, ನೀರಿನ ಟ್ಯಾಂಕ್, ವಿಂಚ್ (ಹೂತ ಗಾಡಿ ಎಳೆಯೋ ಹಗ್ಗದ ಯಂತ್ರ), ಇನ್ನೊಂದು ಸ್ಟೆಪ್ನಿ ಹಾಕೋ ಪ್ಲಾನ್. ಮನೇಲಿ ನಾಲ್ಕು ಜನ. 900 ಅಂದ್ರೆ ತುಂಬಾ ಆಯ್ತಲ್ವಾ, ತೂಕದ ಯೋಚನೆ ಬೇಡ ಅಲ್ವಾ?

ಉ: ನೀವು ಕಳ್ಸಿರೋ ಪಟ್ಟಿ ತಗೊಂಡು ಕೂಡಿಸ್ತಾ ಹೋದೆ. ನಾಲ್ಕು ಜನ 300. ಕ್ಯಾನೋಪಿ 80, ಟೆಂಟ್ 65, ಅದು ಕೂರೋ ರ‍್ಯಾಕ್ 25. ಡ್ರಾಯರ್‌ಗೆ ನೀವು 18 ಎಂಎಂ ಪ್ಲೈ ಎರಡು ಶೀಟ್ ಅಂದಿದೀರ, 8 ಅಡಿ 4 ಅಡಿ ಶೀಟ್ ಒಂದೊಂದೂ 32 ಕೆಜಿ ಹತ್ರ ತೂಗತ್ತೆ, ಸ್ಲೈಡು ಸ್ಕ್ರೂ ಎಲ್ಲ ಸೇರಿ 80 ಹಿಡೀರಿ. ಸಾಮಾನು ತುಂಬಿದ ಫ್ರಿಜ್ 45, ಎರಡನೇ ಬ್ಯಾಟರಿ 30, ನೀರು 60 ಲೀಟರ್ ಅಂದ್ರೆ 60 ಕೆಜಿ. ಮುಂದಿನ ಕಬ್ಬಿಣದ ಬಂಪರ್ರು ವಿಂಚು 80, ಸ್ಟೆಪ್ನಿ 35. ಬಟ್ಟೆ, ಕುರ್ಚಿ, ಪಾತ್ರೆ, ಟೂಲ್ ಬಾಕ್ಸ್ 80. ಎಷ್ಟಾಯ್ತು? 880. ಗಾಡಿಯ ಖಾಲಿ ತೂಕ ಲೆಕ್ಕ ಹಾಕುವಾಗ ಕೆಲವು ಕಂಪನಿಯೋರು ಫುಲ್ ಟ್ಯಾಂಕ್ ಇಂಧನ ಸೇರಿಸಿರ್ತಾರೆ, ಕೆಲವರು ಸೇರಿಸಿರಲ್ಲ, ನಿಮ್ಮದು ಎರಡನೇ ಜಾತಿಯಾದ್ರೆ ಇಂಧನದ ತೂಕಾನೂ ಈ 900ರಲ್ಲೇ ಬರ್ಬೇಕು, ಹೊರಡೋಕೆ ಮುಂಚೆನೇ ಓವರ್‌ಲೋಡು.

ಇನ್ನೊಂದು, ಗಾಡಿ ಓಡ್ತಿರುವಾಗ ಕ್ಯಾನೋಪಿ ಮೇಲೆ 75 ಕೆಜಿ ಮಿತಿ ಅಂತ ಪಟ್ಟೀಲಿ ನೀವೇ ಬರೆದಿದೀರ. ಟೆಂಟು ರ‍್ಯಾಕು ಸೇರಿ ಅಲ್ಲೇ 90 ಆಯ್ತು. 'ಅದರ ಮೇಲೆ ಇಬ್ರು ಮಲಗಿದ್ರೂ ತಡ್ಕೊಳ್ಳತ್ತೆ ಅಂತಾರಲ್ಲ' ಅಂತ ಕೇಳ್ತೀರ, ಅದು ನಿಂತಿರೋ ಗಾಡಿ ಲೆಕ್ಕ. ಓಡುವಾಗ, ತಿರುವಲ್ಲಿ, ಗುಂಡಿಗೆ ಬಿದ್ದಾಗ ಅದೇ ತೂಕ ಕಿತ್ಕೊಂಡು ಹೋಗೋ ಹಾಗೆ ಎಳೆಯತ್ತೆ, ಅದಕ್ಕೇ ಎರಡು ಮಿತಿ ಬೇರೆ ಬೇರೆ.

ಬರೀ ಒಟ್ಟು ತೂಕ ನೋಡಿದ್ರೂ ಸಾಲದು, ಎಲ್ಲಿ ಇಡ್ತೀರ ಅನ್ನೋದೂ ಇದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 3 ಮೀಟರ್ ಅಂತರ ಅಂದ್ಕೊಳ್ಳಿ. ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಹಿಂದೆ, ಬಂಪರ್ ಮೇಲೆ, 50 ಕೆಜಿ ಏನೋ ನೇತು ಹಾಕಿದ್ರಿ. ಏತ ಇದ್ದ ಹಾಗೆ ಅದು, ಹಿಂದೆ ಒತ್ತಿದ್ರೆ ಮುಂದೆ ಏಳತ್ತೆ, ಮುಂದಿನ ಚಕ್ರದ ಮೇಲಿಂದ 20 ಕೆಜಿ ಎತ್ತಿ ಹಿಂದಿನ ಆಕ್ಸಲ್ ಮೇಲೆ ಹಾಕತ್ತೆ. ಹಿಂದಕ್ಕೆ 50 ಅಲ್ಲ, 70 ಬಿತ್ತು. ಮುಂದೆ ಹಗುರ ಆದಷ್ಟೂ ಸ್ಟೇರಿಂಗ್ ತೇಲ್ದಂಗಾಗತ್ತೆ, ಹೆಡ್‌ಲೈಟು ಎದುರಿಗೆ ಬರೋರ ಕಣ್ಣಿಗೆ ಹೊಡೆಯತ್ತೆ. ನೀರಿನ ಟ್ಯಾಂಕು, ಬ್ಯಾಟರಿ ಎರಡನ್ನೂ ಕ್ಯಾಬಿನ್ ಗೋಡೆಗೆ ಒತ್ತಿ ತಳದಲ್ಲಿ ಕೂರಿಸಿ. ಡ್ರಾಯರಿಗೆ 12 ಎಂಎಂ ಪ್ಲೈ ಸಾಕು, ಶೀಟಿಗೆ 10 ಕೆಜಿ ಉಳಿಯತ್ತೆ. ಎಲ್ಲ ತುಂಬಿ, ಜನಾನೂ ಹತ್ತಿಸಿ, ವೇಬ್ರಿಡ್ಜ್ ಮೇಲೆ ಒಂದ್ಸಲ ಪೂರ್ತಿ ಗಾಡಿ, ಇನ್ನೊಂದ್ಸಲ ಹಿಂದಿನ ಚಕ್ರ ಮಾತ್ರ ನಿಲ್ಲಿಸಿ ತೂಗಿಸಿ. ನಿಜ ಹೇಳ್ಬೇಕಂದ್ರೆ ವಿಂಚ್ ಬಿಟ್ಬಿಡಿ ಅಂತ ನನ್ನ ಅಭಿಪ್ರಾಯ, ಒಂದು ಸಲಿಕೆ, ಒಂದು ಜೊತೆ ಟ್ರಾಕ್ಷನ್ ಬೋರ್ಡ್ (ಹೂತ ಚಕ್ರದ ಕೆಳಗೆ ಕೊಡೋ ಹಲಗೆ) ಇದ್ರೂ ಗಾಡಿನ ಹೊರಗೆ ತೆಗೆಯೋಕಾಗದ ಜಾಗಕ್ಕೆ ನಾಲ್ಕು ಜನ ಕೂತಿರೋ ಗಾಡಿ ಒಂಟಿಯಾಗಿ ಹೋಗೋದೇ ಬೇಡ.

ಪ್ರ: ಹಿಂದೆ ಗಟ್ಟಿ ಸ್ಪ್ರಿಂಗ್ ಹಾಕ್ಸಿದ್ರೆ ಜಾಸ್ತಿ ತೂಕ ಹೊರತ್ತೆ ಅಲ್ವಾ?

ಉ: ಇಲ್ಲ. ಹಿಂದೆ ಕುಸಿಯೋದು ನಿಲ್ಲತ್ತೆ ಅಷ್ಟೇ. ಬ್ರೇಕು, ಆಕ್ಸಲ್ಲು, ಟೈರು, ಚಾಸಿ ಎಲ್ಲ ಹಳೇದೇ. ಲೀಫ್ ಸ್ಪ್ರಿಂಗ್ (ಕಬ್ಬಿಣದ ಪಟ್ಟಿ ಜೋಡಿಸಿ ಮಾಡಿದ ಸ್ಪ್ರಿಂಗ್) ಮಧ್ಯಭಾಗಕ್ಕೂ ಚಾಸಿಗೂ ನಡುವೆ ಏರ್ ಬ್ಯಾಗ್ (ಗಾಳಿ ತುಂಬೋ ರಬ್ಬರ್ ಚೀಲ) ತೂರಿಸೋರಂತೂ ಇನ್ನೂ ಹುಷಾರಾಗಿರ್ಬೇಕು, ಲೀಫ್ ಸ್ಪ್ರಿಂಗ್ ಎರಡು ತುದೀಲಿ ಹಂಚ್ಕೊಂಡು ಹೊರ್ತಿದ್ದ ಭಾರನ ಏರ್ ಬ್ಯಾಗ್ ಚಾಸಿಯ ಒಂದೇ ಜಾಗದಲ್ಲಿ ಒತ್ತತ್ತೆ, ಹಿಂದೆ ಬೇರೆ ತೂಕ ನೇತಾಡ್ತಿದ್ರೆ ಕೆಟ್ಟ ರಸ್ತೇಲಿ ಚಾಸಿ ಅಲ್ಲೇ ಬಾಗ್ಬಹುದು. ಬಾಗಿದ ಚಾಸಿ ನೋಡಿದ ಮೇಲೆ ಯಾರೂ ಈ ಪ್ರಶ್ನೆ ಕೇಳಲ್ಲ.

ಪ್ರ: ಸರ್, 12 ವೋಲ್ಟ್ ಫ್ರಿಜ್ ತಗೊಂಡೆ. ಬ್ಯಾಟರಿ ಫುಲ್ ಇದ್ರೂ ರಾತ್ರಿ ತಾನಾಗೇ ಆಫ್ ಆಗತ್ತೆ, ಅಂಗಡಿಯೋರು ಫ್ರಿಜ್ ಸರಿ ಇದೆ ಅಂತಾರೆ, ಬ್ಯಾಟರಿಯೋರು ಬ್ಯಾಟರಿ ಸರಿ ಇದೆ ಅಂತಾರೆ. ನನ್ನ ತಲೆ ಸರಿ ಇಲ್ವಾ?

ಉ: ನಿಮ್ಮ ತಲೆ ಸರಿ ಇದೆ, ವೈರ್ ಸರಿ ಇಲ್ಲ. ಫ್ರಿಜ್‌ನಲ್ಲಿ ವೋಲ್ಟೇಜ್ ಕಮ್ಮಿ ಆದ್ರೆ ಬ್ಯಾಟರಿ ಉಳಿಸೋಕೆ ತಾನೇ ಆಫ್ ಆಗೋ ವ್ಯವಸ್ಥೆ ಇರತ್ತೆ. ಅದು ನೋಡೋದು ಬ್ಯಾಟರಿ ಹತ್ರದ ವೋಲ್ಟೇಜ್ ಅಲ್ಲ, ತನ್ನ ಬಾಯಿಗೆ ಬಂದು ಸೇರೋ ವೋಲ್ಟೇಜ್. ಮುಂದಿನ ಬ್ಯಾಟರಿಯಿಂದ ಹಿಂದಿನ ತೊಟ್ಟಿಗೆ ವೈರ್ 5 ಮೀಟರ್, ವಾಪಸ್ ಬರೋಕೆ ಇನ್ನೊಂದು 5. ಈ 10 ಮೀಟರ್ ನೀವು 1.5 ಸ್ಕ್ವೇರ್ ಎಂಎಂ ವೈರಲ್ಲಿ ಎಳೆದಿದ್ರೆ, ಫ್ರಿಜ್ 5 ಆಂಪ್ ಎಳೆಯುವಾಗ ದಾರೀಲೇ 0.57 ವೋಲ್ಟ್ ಸೋರಿ ಹೋಗತ್ತೆ. ಅದೇ 6 ಸ್ಕ್ವೇರ್ ಎಂಎಂ ಆದ್ರೆ 0.14 ಮಾತ್ರ. ಬ್ಯಾಟರಿ 12.4 ಇದ್ದಾಗ ಫ್ರಿಜ್‌ಗೆ ಕಾಣೋದು 11.8, ಅದರ ಜೊತೆ ಸಿಗರೇಟ್ ಲೈಟರ್ ಸಾಕೆಟ್‌ನ ಸಡಿಲ ಪಿನ್ನು ಇನ್ನೊಂದಷ್ಟು ತಿನ್ನತ್ತೆ, ಪಾಪ ಫ್ರಿಜ್ಜು ಬ್ಯಾಟರಿ ಸತ್ತೋಯ್ತು ಅಂದ್ಕೊಂಡು ಮಲ್ಕೊಳ್ಳತ್ತೆ.

ಮಲ್ಟಿಮೀಟರ್ ತಗೊಳ್ಳಿ, ಕಂಪ್ರೆಸರ್ ಓಡ್ತಿರುವಾಗಲೇ ಫ್ರಿಜ್ ಪ್ಲಗ್ ಹತ್ರ ಒಂದ್ಸಲ, ಬ್ಯಾಟರಿ ಮೇಲೆ ಒಂದ್ಸಲ ಅಳೀರಿ. ಆಫ್ ಇದ್ದಾಗ ಅಳೆದ್ರೆ ಎರಡೂ ಒಂದೇ ತೋರ್ಸತ್ತೆ, ಬಹುಶಃ ನಿಮ್ಮ ಅಂಗಡಿಯೋರು ಹಾಗೇ ನೋಡಿರ್ಬೇಕು. ವೈರ್ ದಪ್ಪ ಮಾಡಿ, ಸಿಗರೇಟ್ ಸಾಕೆಟ್ ಕಿತ್ತಾಕಿ ಲಾಕ್ ಆಗೋ ಪ್ಲಗ್ ಹಾಕಿ. ಫ್ಯೂಸು ಬ್ಯಾಟರಿಯಿಂದ ಒಂದು ಗೇಣು ಒಳಗೇ ಇರ್ಬೇಕು, ಫ್ರಿಜ್ ಹತ್ರ ಅಲ್ಲ. ಫ್ಯೂಸ್ ಇರೋದು ಫ್ರಿಜ್ ಕಾಯೋಕಲ್ಲ, ವೈರ್ ಕಾಯೋಕೆ, ಮಧ್ಯದಲ್ಲೆಲ್ಲೋ ಚಾಸಿಗೆ ಉಜ್ಜಿ ವೈರ್ ಸಿಪ್ಪೆ ಹೋದ್ರೆ ಬೆಂಕಿ ಹತ್ತೋದು ಅಲ್ಲೇ.

ಪ್ರ: ಎರಡನೇ ಬ್ಯಾಟರಿ ಲೆಡ್ ಆಸಿಡ್ ತಗೊಳ್ಲಾ, ಲಿಥಿಯಂ ತಗೊಳ್ಲಾ? ಗಾಡಿ ಹೊಸ ಮಾಡೆಲ್.

ಉ: ದುಡ್ಡಿದ್ರೆ ಲಿಥಿಯಂ ಐರನ್ ಫಾಸ್ಫೇಟ್. 100 ಆಂಪ್ ಅವರ್ ಲೆಡ್ ಬ್ಯಾಟರಿ 28-30 ಕೆಜಿ ತೂಗತ್ತೆ, ಬಾಳಿಕೆ ಬರ್ಬೇಕು ಅಂದ್ರೆ ಅದರಲ್ಲಿ ಅರ್ಧ ಮಾತ್ರ ಬಳಸ್ಬೇಕು. ಲಿಥಿಯಂ 12 ಕೆಜಿ ಹತ್ರ, 80-90 ತನಕ ಧಾರಾಳವಾಗಿ ಬಳಸಿ. ಸೆಕೆಗಾಲದಲ್ಲಿ ಒಂದು 40 ಲೀಟರ್ ಫ್ರಿಜ್ ದಿನಕ್ಕೆ 30-40 ಆಂಪ್ ಅವರ್ ಕುಡಿಯತ್ತೆ, ಅಂದ್ರೆ ಲಿಥಿಯಂನಲ್ಲಿ ಎರಡು ದಿನ ಗಾಡಿ ಸ್ಟಾರ್ಟ್ ಮಾಡದೇ ಇರ್ಬಹುದು, ಲೆಡ್‌ನಲ್ಲಿ ಒಂದು ದಿನ ಕಷ್ಟಪಟ್ಟು. ಆದ್ರೆ ಲಿಥಿಯಂನ ಬಾನೆಟ್ ಒಳಗೆ ಇಂಜಿನ್ ಬಿಸಿಗೆ ಇಡ್ಬೇಡಿ, 0 ಡಿಗ್ರಿಗಿಂತ ಕೆಳಗಿನ ಚಳೀಲಿ ಚಾರ್ಜ್ ಮಾಡ್ಬೇಡಿ.

ಗಾಡಿ ಹೊಸದು ಅಂದಿದ್ದು ಒಳ್ಳೇದಾಯ್ತು. ಈಗಿನ ಬಹಳಷ್ಟು ಗಾಡಿಗಳಲ್ಲಿ ಮುಂದಿನ ಬ್ಯಾಟರಿ ತುಂಬಿದ ಮೇಲೆ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡೋ ಯಂತ್ರ) ಇಂಧನ ಉಳಿಸೋಕೆ ವೋಲ್ಟೇಜ್ ಇಳಿಸ್ಬಿಡತ್ತೆ, ಎರಡು ಬ್ಯಾಟರೀನ ಸುಮ್ನೆ ಜೋಡಿಸೋ ಹಳೇ ಕಾಲದ ರಿಲೇ ಹಾಕಿದ್ರೆ ಹಿಂದಿನ ಬ್ಯಾಟರಿ ಯಾವತ್ತೂ ಹೊಟ್ಟೆ ತುಂಬ ಉಣ್ಣಲ್ಲ. ಇಳಿದ ವೋಲ್ಟೇಜನ್ನ ಏರಿಸಿ ಹಿಂದಿನ ಬ್ಯಾಟರಿಗೆ ಕೊಡೋ ಡಿಸಿ ಟು ಡಿಸಿ ಚಾರ್ಜರ್ ಬೇಕೇ ಬೇಕು.

ಪ್ರ: ರಬ್ಬರ್ ಸೀಲ್ ಹೊಸದು ಹಾಕ್ಸಿದೀನಿ, ಆದ್ರೂ ಬೆಳಿಗ್ಗೆ ಛಾವಣಿಯಿಂದ ಮುಖದ ಮೇಲೆ ನೀರು ತೊಟ್ಟಿಕ್ಕತ್ತೆ. ಹೊರಗೆ ಮಳೇನೂ ಇಲ್ಲ. ಎಲ್ಲಿ ಲೀಕು?

ಉ: ಲೀಕ್ ಆಗ್ತಿರೋದು ನೀವೇ. ಒಬ್ಬ ಮನುಷ್ಯ ಒಂದು ರಾತ್ರೀಲಿ ಉಸಿರಲ್ಲಿ ಬೆವರಲ್ಲಿ ಕಾಲು ಲೀಟರ್‌ಗೂ ಹೆಚ್ಚು ನೀರು ಗಾಳಿಗೆ ಬಿಡ್ತಾನೆ, ಇಬ್ರು ಅಂದ್ರೆ ಅರ್ಧ ಲೀಟರ್ ದಾಟತ್ತೆ. ಬಿಗಿಯಾಗಿ ಸೀಲ್ ಮಾಡಿದಷ್ಟೂ ಅದು ಹೋಗೋದೆಲ್ಲಿಗೆ, ತಣ್ಣಗಿರೋ ಲೋಹದ ಛಾವಣಿಗೆ ತಾಗಿ ನೀರಾಗಿ ಮತ್ತೆ ನಿಮ್ಮ ಮೇಲೇ ಬೀಳತ್ತೆ. ಎರಡೂ ಪಕ್ಕದ ಕಿಟಕಿ ಒಂದೆರಡು ಬೆರಳು ತೆರೆದು ಜಾಲರಿ ಹಾಕಿ, ಎದುರುಬದುರು ಗಾಳಿ ಆಡ್ಬೇಕು, ಒಂದೇ ಕಡೆ ತೆರೆದ್ರೆ ಉಪಯೋಗ ಇಲ್ಲ. ಛಾವಣಿಗೆ ಒಳಗಿಂದ ಕ್ಲೋಸ್ಡ್ ಸೆಲ್ ಫೋಮ್ ಶೀಟ್ (ನೀರು ಹೀರದ ಫೋಮ್) ಅಂಟಿಸಿ. ಮಂಚದ ಹಲಗೆಗೂ ಅಲ್ಲಲ್ಲಿ ತೂತು ಕೊರೀರಿ, ಹಾಸಿಗೆ ಅಡಿ ಒಂದ್ಸಲ ಎತ್ತಿ ನೋಡಿ, ಈಗಾಗಲೇ ಕಪ್ಪು ಬೂಷ್ಟು ಬಂದಿರ್ಬಹುದು.

ಪ್ರ: ಎಲ್ಲ ಸಂದೀಲೂ ಟೇಪ್ ಹಾಕಿದ್ರೂ ಮಣ್ಣು ರಸ್ತೇಲಿ ಧೂಳು ಒಳಗೆ ಬರತ್ತೆ.

ಉ: ಗಾಡಿ ಓಡುವಾಗ ಹಿಂಭಾಗದಲ್ಲಿ ಗಾಳಿ ಒತ್ತಡ ಕಮ್ಮಿ ಆಗತ್ತೆ, ಎದ್ದ ಧೂಳೆಲ್ಲ ಅಲ್ಲೇ ಸುತ್ತುತ್ತಾ ಹಿಂದಿನ ಬಾಗಿಲಿನ ಸಂದೀಲಿ ನುಗ್ಗತ್ತೆ. ಬಾಗಿಲಿನ ಕೆಳ ಅಂಚಿಗೆ, ಕೀಲು ಇರೋ ಕಡೆ, ಟೊಳ್ಳು ರಬ್ಬರ್ ಪಟ್ಟಿ ಹಾಕಿ, ಜನ ಮರೆಯೋದು ಅದೇ ಜಾಗ. ಆಮೇಲೆ ಕ್ಯಾನೋಪಿ ಮುಂಭಾಗದ ಮೇಲ್ಗಡೆ ಎದುರು ಗಾಳಿ ಹಿಡಿಯೋ ಒಂದು ಸಣ್ಣ ವೆಂಟ್ ಕೂರಿಸಿ ಫಿಲ್ಟರ್ ಹಾಕಿದ್ರೆ ಒಳಗಡೆ ಒತ್ತಡ ಜಾಸ್ತಿಯಾಗಿ ಗಾಳಿ ಹೊರಗೆ ತಳ್ಳತ್ತೆ.

ಪ್ರ: ಮಳೆ ಬಂದಾಗ ಒಳಗೇ ಸ್ಟವ್ ಹಚ್ಬಹುದಾ? ಚಳಿಗೆ ಇಂಜಿನ್ ಓಡಿಸ್ಕೊಂಡು ಮಲಗ್ಬಹುದಾ?

ಉ: ಎರಡೂ ಬೇಡ. ಸ್ಟವ್ವು, ಇಂಜಿನ್ನು ಎರಡರಿಂದಲೂ ಬರೋ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಕಣ್ಣು ಎಳೆಯತ್ತೆ, ನಿದ್ದೆ ಬಂತು ಅಂದ್ಕೊಳ್ತೀರ. ಹಿಂದಿನ ಬಾಗಿಲು ತೆರೆದಿದ್ರೆ ಸೈಲೆನ್ಸರ್ ಹೊಗೆ ನೇರ ಒಳಗೇ ಬರತ್ತೆ. ಗ್ಯಾಸ್ ಸೋರಿದ್ರೆ ಅದು ಗಾಳಿಗಿಂತ ಭಾರ, ನೀವು ಮಲಗೋ ತೊಟ್ಟಿ ತಳದಲ್ಲೇ ನೀರಿನ ತರ ತುಂಬ್ಕೊಂಡು ಕೂರತ್ತೆ. ಟಾರ್ಪಾಲ್ ಕಟ್ಟಿ ಹೊರಗೆ ಬೇಯಿಸಿ, ಮತ್ತೆ ಬ್ಯಾಟರಿ ಮೇಲೆ ಓಡೋ ಒಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ತಲೆ ಹತ್ರ ಹಾಕಿ.

ಪ್ರ: ಡ್ರಾಯರ್ ಫಿಕ್ಸ್ ಮಾಡೋಕೆ ತೊಟ್ಟಿ ತಳದಲ್ಲಿ ಡ್ರಿಲ್ ಮಾಡ್ಲಾ?

ಉ: ಮೊದಲು ಹಗ್ಗ ಕಟ್ಟೋಕೆ ಕಂಪನಿಯೋರೇ ಕೊಟ್ಟಿರೋ ಕೊಂಡಿಗಳಿವೆಯಲ್ಲ, ಅವಕ್ಕೆ ಟರ್ನ್‌ಬಕಲ್ (ತಿರುಗಿಸಿದ್ರೆ ಬಿಗಿಯಾಗೋ ಕೊಕ್ಕೆ) ಹಾಕಿ ಬಿಗಿದು ನೋಡಿ, ನನ್ನದು ಆರು ವರ್ಷದಿಂದ ಹಾಗೇ ಇದೆ, ಬೇಡ ಅಂದ್ರೆ ಹತ್ತು ನಿಮಿಷದಲ್ಲಿ ಬಿಚ್ಚಿ ಇಳಿಸ್ತೀನಿ. ಡ್ರಿಲ್ ಮಾಡ್ಲೇಬೇಕು ಅಂದ್ರೆ ಮೊದಲು ಟಾರ್ಚ್ ಹಿಡ್ಕೊಂಡು ಗಾಡಿ ಕೆಳಗೆ ಮಲಗಿ ನೋಡಿ, ಇಂಧನದ ಟ್ಯಾಂಕು, ಬ್ರೇಕ್ ಪೈಪು, ವೈರಿಂಗ್ ಕಟ್ಟು ಎಲ್ಲೆಲ್ಲಿ ಹಾಯ್ದಿವೆ ಅಂತ ಮೇಲ್ಗಡೆ ಚಾಕ್‌ಪೀಸಲ್ಲಿ ಗೆರೆ ಹಾಕ್ಕೊಳ್ಳಿ. ಡ್ರಿಲ್ ಬಿಟ್ ಬೇಕಾದ್ದಕ್ಕಿಂತ ಕೆಳಗೆ ಇಳೀದ ಹಾಗೆ ಅದಕ್ಕೆ ಟೇಪ್ ಸುತ್ತಿ ಗುರುತು ಮಾಡ್ಕೊಳ್ಳಿ. ಕೊರೆದ ತೂತಿನ ಅಂಚಿಗೆ ಅವತ್ತೇ ಪ್ರೈಮರ್ರು ಪೇಂಟು ಹಚ್ಚಿ, ನಾಳೆ ಮಾಡೋಣ ಅಂತ ಬಿಟ್ಟ ತೂತೊಂದು ನನ್ನ ಹಳೇ ಗಾಡೀಲಿತ್ತು, ಮಾರೋ ಹೊತ್ತಿಗೆ ಅದರಲ್ಲಿ ಹೆಬ್ಬೆರಳು ಹೋಗ್ತಿತ್ತು.